ಪ್ರಯೋಗಾಲಯದ ಬಾಗಿಲು, ಹಾಸ್ಟೆಲಿನ ಗಡಿಯಾರ

1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಪ್ರಥಮ ಸ್ಥಾನ ಪಡೆದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆ ಅಲ್ಲಿಯೇ ಕಲಿತ ರಸಾಯನವಿಜ್ಞಾನಿ. ಅದೇ ವರ್ಷ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಕಾರಣ ಒಂದೇ: ಆಕೆ ಹೆಣ್ಣು.

ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ರಾಮನ್ ಒಪ್ಪಿದರು, ಷರತ್ತುಗಳೊಡನೆ. ಮೊದಲ ವರ್ಷ ಆಕೆ ಪೂರ್ಣಪ್ರಮಾಣದ ವಿದ್ಯಾರ್ಥಿನಿಯಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಮೂರನೆಯದನ್ನು ಗಮನಿಸಿ. ಹುಡುಗರ ಚಿತ್ತ ಚಂಚಲವಾದರೆ ಹೊಣೆ ಯಾರದೆಂದು ಮೊದಲೇ ತೀರ್ಮಾನಿಸಿದಂತಿದೆ! ರಾಮನ್ ಪರಿಣಾಮವನ್ನು ಅಭಿಮಾನದಿಂದ ಪಾಠ ಮಾಡುವ ನನ್ನಂಥವರಿಗೆ ಇದು ಕಹಿ ಸಂಗತಿ, ಆದರೆ ಮುಚ್ಚಿಡುವಂಥದಲ್ಲ.

ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಧ್ಯಯನ ಮಾಡಿ ಕಮಲಾ 1936ರಲ್ಲಿ ಎಂ.ಎಸ್‌ಸಿ. ಪಡೆದರು. 1939ರಲ್ಲಿ ಕೇಂಬ್ರಿಜ್‌ನಲ್ಲಿ, ಸಸ್ಯಗಳಲ್ಲಿ ಸೈಟೊಕ್ರೋಮ್-ಸಿ ಇರುವುದನ್ನು ತೋರಿಸಿದ ಪ್ರಬಂಧಕ್ಕೆ ಪಿಎಚ್.ಡಿ. ಬಂತು. ಆ ಕೇಂಬ್ರಿಜ್ ಕೂಡ ಸ್ತ್ರೀಯರನ್ನು ವಿಶ್ವವಿದ್ಯಾಲಯದ ಪೂರ್ಣ ಸದಸ್ಯರೆಂದು ಒಪ್ಪಿದ್ದು 1948ರಲ್ಲಿ.

ಇತ್ತ ಬೆಂಗಳೂರಿನಲ್ಲಿ ಬಾಗಿಲೇನೋ ತೆರೆದಿತ್ತು. 1940ರಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ, ಮಾಣಿಕ್ಯಗಳ ರೋಹಿತ ಅವರ ವಿಷಯ. ಒಂದೊಂದು ಛಾಯಾಚಿತ್ರ ಫಲಕಕ್ಕೂ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬೀಳಬೇಕಾದ್ದರಿಂದ ಎಷ್ಟೋ ರಾತ್ರಿ ಅಲ್ಲೇ ಕಳೆದರು. ಹೆಣ್ಣು ಗಂಡು ಬೆರೆತು ಮಾತನಾಡುವುದು ರಾಮನ್ ಅವರಿಗೆ ಹಿಡಿಸುತ್ತಿರಲಿಲ್ಲ. ಭೌತವಿಜ್ಞಾನದ ಅರ್ಧ ಪಾಠವನ್ನು ನಾವು ಕಲಿಯುವುದು ಕಾಫಿ ಕುಡಿಯುತ್ತ ನಡೆಸುವ ವಾದಗಳಲ್ಲಿ. ಮಣಿಯವರಿಗೆ ಅದೇ ದಕ್ಕಲಿಲ್ಲ. 1945ರಲ್ಲಿ ಅವರು ಸಲ್ಲಿಸಿದ ಪ್ರಬಂಧಕ್ಕೆ ಮದರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಎಂ.ಎಸ್‌ಸಿ. ಇಲ್ಲವೆಂಬುದು ಕೊಟ್ಟ ಕಾರಣ.

ಈಗ? ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2021-22ರಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಹೆಣ್ಣುಮಕ್ಕಳಲ್ಲಿ ಶೇ. 28.5, ಗಂಡುಮಕ್ಕಳಲ್ಲಿ ಶೇ. 28.3. ಆದರೂ ಐಐಟಿಗಳು 2018ರಿಂದ ವಿದ್ಯಾರ್ಥಿನಿಯರಿಗಾಗಿ ಹೆಚ್ಚುವರಿ ಸೀಟು ಸೃಷ್ಟಿಸಬೇಕಾಯಿತು. ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಲಯಗಳಲ್ಲಿ ಹುಡುಗಿಯರಿಗೆ ಬೇರೆ ನಿಯಮ ಹೇರಕೂಡದೆಂದು ಯುಜಿಸಿ 2016ರ ಅಧಿಸೂಚನೆಯಲ್ಲಿ ಹೇಳಿದೆ. ಎಷ್ಟೋ ಊರುಗಳಲ್ಲಿ ಇಂದಿಗೂ ಹುಡುಗಿಯರ ಹಾಸ್ಟೆಲಿಗೆ ಬೀಗ ಮೊದಲು ಬೀಳುತ್ತದೆ. ನೀವು ಅಧ್ಯಾಪಕರಾಗಿದ್ದರೆ, ರಾತ್ರಿ ದೂರದರ್ಶಕದಲ್ಲಿ ನಕ್ಷತ್ರಗಳ ಪ್ರಕಾಶ ಅಳೆಯುವ ಪ್ರಾಜೆಕ್ಟನ್ನು ಯಾರು ಆರಿಸಿಕೊಂಡಿದ್ದಾರೆಂದು ನಿಮ್ಮ ಹಾಜರಿ ಪುಸ್ತಕದಲ್ಲಿ ನೋಡಿ.