ಮುಂದಿನ ಸೀಟಿನ ಮುಂದಿನ ಮೆತ್ತೆ

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ – ಈ ಮೂರು ಹನುಮಂತ ದೇವರ ದರ್ಶನವನ್ನು ಒಂದೇ ದಿನದಲ್ಲಿ ಮಾಡಿದರೆ ವಿಶೇಷ ಪುಣ್ಯವೆಂಬ ನಂಬಿಕೆ ನಮ್ಮ ಕಡೆ ಇದೆ. ಎತ್ತಿನ ಬಂಡಿಯ ಕಾಲದಲ್ಲಿ ಇದು ಸುಲಭದ ಮಾತಾಗಿರಲಿಲ್ಲ. ಕಾರು ಬಂದ ಮೇಲೆ ಪುಣ್ಯ ಸಂಪಾದನೆ ಹಗುರವಾಯಿತು. ಆದರೆ ನಾವು ಗುಡಿಯೊಳಗೆ ತಂಪಾಗಿ ಕೈಮುಗಿದು ನಿಂತಿರುವಾಗ ಕಾರು ಹೊರಗೆ ಬಿಸಿಲಿನಲ್ಲಿ ಬೇಯುತ್ತಿರುತ್ತದೆ. ಹತ್ತಾರು ವರ್ಷ ಹೀಗೆ ಬೆಂದ ಕಾರಿನ ಡ್ಯಾಶ್‌ಬೋರ್ಡನ್ನು ನೋಡಿ; ಬ್ಯಾಡಗಿ ಸೀಮೆಯ ಎರೆಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟಂತೆ ಅದು ಬಿರುಕುಬಿಟ್ಟಿರುತ್ತದೆ.

ಈ ಬಿರುಕನ್ನು ಮನೆಯಲ್ಲೇ ಮುಚ್ಚಬಹುದೇ ಎಂದು ಕೇಳುವ ಮುನ್ನ, ಆ ಮೆತ್ತೆ ಅಲ್ಲಿಗೆ ಯಾಕೆ ಬಂತೆಂದು ತಿಳಿಯುವುದು ಒಳ್ಳೆಯದು. ಅದರ ಕಥೆಯಲ್ಲಿ ಹೆಂಗಸರಿಗೂ ಪಾಲಿದೆ.

ಡ್ಯಾಶ್‌ಬೋರ್ಡ್ ಎಂಬ ಹೆಸರು ಕಾರಿಗಿಂತ ಹಳೆಯದು. ಕುದುರೆಗಾಡಿಯಲ್ಲಿ ಕೂತವರ ಮೇಲೆ ಕುದುರೆಯ ಗೊರಸಿನ ಕೆಸರು ಸಿಡಿಯದಂತೆ ಮುಂದೆ ಕಟ್ಟುತ್ತಿದ್ದ ಹಲಗೆ ಅದು. ಕಾರು ಬಂದಾಗ ಕುದುರೆ ಹೋಯಿತು, ಹಲಗೆಯ ಹೆಸರು ಉಳಿಯಿತು. ಆ ಕಾಲದ ಡ್ಯಾಶ್‌ಬೋರ್ಡು ಮರದ್ದು ಇಲ್ಲವೇ ತಗಡಿನದು. ಅದರ ಮೇಲೆ ಚೂಪಾದ ಗುಬುಟು, ಹಿಡಿಕೆಗಳು. ಕಾರು ಡಿಕ್ಕಿ ಹೊಡೆದರೆ ಚಾಲಕನಿಗೆ ಸ್ಟಿಯರಿಂಗಾದರೂ ಹಿಡಿಯಲು ಇತ್ತು. ಪಕ್ಕದಲ್ಲಿ ಕೂತವರ ಮುಖ ನೇರವಾಗಿ ತಗಡಿಗೆ ಬಡಿಯುತ್ತಿತ್ತು.

1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕ್ಲೇರ್ ಸ್ಟ್ರೈತ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಜಜ್ಜಿಹೋದ ಮುಖಗಳನ್ನು ಹೊಲಿದೂ ಹೊಲಿದೂ ಅವರಿಗೆ ಒಂದು ಸಂಗತಿ ಹೊಳೆಯಿತು: ಹೀಗೆ ಬರುವವರು ಬಹುಪಾಲು ಮುಂದಿನ ಸೀಟಿನ ಪ್ರಯಾಣಿಕರು, ಅವರಲ್ಲಿ ಹೆಂಗಸರೇ ಹೆಚ್ಚು. ಆ ಸೀಟಿಗೆ ಅಲ್ಲಿನ ಜನ ‘ಸಾವಿನ ಸೀಟು’ ಎಂದೇ ಹೆಸರಿಟ್ಟಿದ್ದರು. ಮುಖ ಹೊಲಿಯುವುದಕ್ಕಿಂತ ಕಾರಿಗೇ ಮೆತ್ತೆ ಹೊಲಿಯುವುದು ಮೇಲೆಂದು ಈ ವೈದ್ಯರು ಕಾರು ತಯಾರಕರ ಬೆನ್ನುಹತ್ತಿದರು. ಕೆಲವರು ಕಿವಿಗೊಟ್ಟರು. ಹೆಚ್ಚಿನವರು ಅಂದಚೆಂದ, ಖರ್ಚು ಎಂದು ಮುಂದೂಡಿದರು. ಕೊನೆಗೆ ಅಮೆರಿಕದಲ್ಲಿ 1966ರಲ್ಲಿ ಕಾನೂನಾಗಿ, 1968ರ ಕಾರುಗಳಿಂದ ಒಳಗಿನ ಮೆತ್ತೆ ಕಡ್ಡಾಯದ ಮಾತಾಯಿತು.

ಮೆತ್ತೆಯೆಂದರೆ ಒಳಗೆ ಫೋಮು, ಮೇಲೆ ವಿನೈಲ್. ನಮ್ಮ ಕುಶನ್ ಅಂಗಡಿಗಳಲ್ಲಿ ಅದಕ್ಕೆ ‘ರೆಕ್ಸಿನ್’ ಎಂದರೇ ತಿಳಿಯುವುದು. ವಿನೈಲ್ ಹುಟ್ಟಿದ್ದೂ ಬಿಸಿಲಿನಲ್ಲೇ! 1872ರಲ್ಲಿ ಜರ್ಮನಿಯ ಯೂಗೆನ್ ಬೌಮನ್ ಬಿಸಿಲಿಗಿಟ್ಟ ವಿನೈಲ್ ಕ್ಲೋರೈಡಿನಲ್ಲಿ ಬಿಳಿಯ ಗಟ್ಟಿ ವಸ್ತುವೊಂದು ಕಂಡಿತು. ಅದು ಪೆಡಸು, ಉಪಯೋಗಕ್ಕೆ ಬಾರದ್ದು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪೆನಿಯ ವಾಲ್ಡೊ ಸೆಮನ್, ಲೋಹಕ್ಕೆ ರಬ್ಬರು ಹಚ್ಚುವ ಅಂಟನ್ನು ಹುಡುಕುತ್ತ, ಅದನ್ನು ಎಣ್ಣೆಯಂಥ ದ್ರವದಲ್ಲಿ ಕಾಯಿಸಿದರು. ಅದು ರಬ್ಬರಿನಂತೆ ಮೆತ್ತಗಾಯಿತು. ರೊಟ್ಟಿಯ ಹಿಟ್ಟಿಗೆ ನೀರಿದ್ದಂತೆ ವಿನೈಲಿಗೆ ಈ ದ್ರವ. ಬಿಸಿಲಿಗೆ ಅದು ಆರುತ್ತ ಹೋಗುತ್ತದೆ. ಕಾರಿನ ಗಾಜಿನ ಒಳಮೈಗೆ ಹತ್ತುವ ಜಿಡ್ಡಿನಲ್ಲಿ ಅದೂ ಸೇರಿರುತ್ತದೆ. ದ್ರವ ಆರಿದ ವಿನೈಲ್ ಕುಗ್ಗುತ್ತದೆ, ಸೀಳುತ್ತದೆ.

ಇನ್ನು ರಿಪೇರಿ. ಸೀಳಿಗೆ ಎಂ-ಸೀಲಿನಂಥ ಗಟ್ಟಿ ಲಪ್ಪ ಮೆತ್ತುವವರಿದ್ದಾರೆ. ಡ್ಯಾಶ್‌ಬೋರ್ಡು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. ಗಟ್ಟಿ ಲಪ್ಪ ಹಿಗ್ಗದು, ಅದರ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ರಾಣೆಬೆನ್ನೂರಿನ ಕುಶನ್ ಕೆಲಸದವರೊಬ್ಬರು ನನಗೆ ಹೇಳಿದ್ದು ಒಂದೇ ಮಾತು: “ಮ್ಯಾಲ ಬಣ್ಣ ಬಳದ್ರ ಏನೂ ಆಗೂದಿಲ್ರೀ ಅಕ್ಕಾರ, ಒಳಗ ಅರಿವಿ ಹಾಕ್ಬೇಕು.” ಕೌದಿ ಹೊಲಿದ ಕೈಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಸೋಪಿನ ನೀರಿನಿಂದ, ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ ಪಾಲಿಶಿನ ಜಿಡ್ಡು ತೆಗೆಯಬೇಕು. ಮೇಲೆದ್ದ ಅಂಚನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಬೇಕು. ಸೀಳು ಅಗಲವಾಗಿದ್ದರೆ ಅಂಚಿನ ಕೆಳಗೆ ತೆಳು ಬಟ್ಟೆಯ ಪಟ್ಟಿ ತೂರಿಸಿ ಅಂಟಿಸಬೇಕು. ಅದರ ಮೇಲೆ, ಒಣಗಿದರೂ ಬಾಗುವ ವಿನೈಲ್ ಫಿಲ್ಲರನ್ನು ತೆಳ್ಳಗೆ ಎರಡು ಮೂರು ಸಲ, ಪ್ರತಿ ಸಲವೂ ಒಣಗಲು ಬಿಟ್ಟು, ಹಚ್ಚಬೇಕು. ನಯವಾದ ಉಪ್ಪುಕಾಗದದಿಂದ ಸಮ ಮಾಡಿ ವಿನೈಲ್ ಬಣ್ಣ ಕೊಟ್ಟರೆ ಮುಗಿಯಿತು. ಗುರುತು ಪೂರ್ತಿ ಮಾಯವಾಗುವುದಿಲ್ಲ. ಬಿರುಕು ಬೆಳೆಯುವುದು ನಿಲ್ಲುತ್ತದೆ.

ಆದರೆ ಈ ಕೈಕೆಲಸಕ್ಕೆ ಒಂದು ಗಡಿಯಿದೆ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಹೊಸ ಮಾದರಿಯ ಕಾರುಗಳಲ್ಲಿ ಮುಂದಿನ ಸೀಟಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಸ್ಟ್ರೈತ್ ಬೇಡಿದ ಮೆತ್ತೆ ಈಗ ಗಾಳಿಯ ಮೆತ್ತೆಯಾಗಿ ಡ್ಯಾಶ್‌ಬೋರ್ಡಿನೊಳಗೆ ಮಡಚಿಕೊಂಡು ಕೂತಿದೆ. ಡಿಕ್ಕಿಯಾದಾಗ ರೆಪ್ಪೆ ಬಡಿಯುವುದರೊಳಗೆ ಅದು ಗೊತ್ತಾದ ಗೆರೆಯಲ್ಲಿ ಮುಚ್ಚಳವನ್ನು ಸೀಳಿಕೊಂಡು ಹೊರಬರಬೇಕು. ‘ಏರ್‌ಬ್ಯಾಗ್’ ಎಂದು ಬರೆದಿರುವ ಆ ಜಾಗಕ್ಕೆ ಬಟ್ಟೆ, ಅಂಟು, ಫಿಲ್ಲರ್ ಯಾವುದೂ ಸಲ್ಲದು. ಇಡೀ ಡ್ಯಾಶ್‌ಬೋರ್ಡಿಗೆ ಹೊದಿಸುವ ಗವಸೂ ಬೇಡ. ಭಕ್ತಿಯಿಂದ ಅಲ್ಲಿ ಅಂಟಿಸಿದ ದೇವರ ಮೂರ್ತಿಯೂ ಆ ಹೊತ್ತಿನಲ್ಲಿ ಕಲ್ಲಿನಂತೆ ಸಿಡಿದೀತು. ಅಲ್ಲಿ ಬಿರುಕು ಬಂದಿದ್ದರೆ ಕಂಪೆನಿಯ ವರ್ಕ್‌ಶಾಪಿನಲ್ಲಿ ಆ ಭಾಗವನ್ನೇ ಬದಲಾಯಿಸಬೇಕು, ಖರ್ಚಾದರೂ ಸರಿ.

ಹಳೆಯ ಕಾರಿನ ಸೀಳಿಗೆ ನಮ್ಮ ಸೂಜಿದಾರದ ಬುದ್ಧಿ ಸಾಕು. ಹೊಸ ಕಾರಿನಲ್ಲಿ ಆ ಮುಚ್ಚಳದ ಮೇಲೆ ಕೈಯಿಡದಿರುವುದೇ ಬುದ್ಧಿ. ಮುಂದಿನ ಸೀಟಿನಲ್ಲಿ ಕೂರುವವರು ಬಹಳ ಸಲ ನಾವೇ ಅಲ್ಲವೇ?