ಸುಣ್ಣದ ಬೇಲಿಯ ಆಚೆ

ಟಾಮ್ ಸಾಯರ್ ಬೇಲಿಗೆ ಸುಣ್ಣ ಬಳಿಯುವ ಪ್ರಸಂಗ ಯಾರಿಗೆ ತಾನೆ ನೆನಪಿಲ್ಲ? ಶಿಕ್ಷೆಯಾಗಿ ಬಂದ ಕೆಲಸವನ್ನೇ ಮೋಜೆಂದು ನಂಬಿಸಿ, ಗೆಳೆಯರಿಂದ ಗಾಳಿಪಟ, ಗೋಲಿಗಳನ್ನು ವಸೂಲು ಮಾಡಿ, ಅವರ ಕೈಯಲ್ಲೇ ಬೇಲಿ ಮುಗಿಸಿಬಿಡುತ್ತಾನೆ. ಶಾಲೆಯ ದಿನಗಳಲ್ಲಿ ಓದಿದ್ದ ಈ ಕಾದಂಬರಿಯನ್ನು ಈಚೆಗೆ ಮತ್ತೆ ತೆಗೆದೆ. ನದಿ, ದ್ವೀಪ, ಗುಹೆ ಎಲ್ಲವೂ ಹಾಗೇ ಇದ್ದವು. ಆದರೆ ಕಳೆದ ದಿನಗಳ ಹಂಬಲ ಓದುವ ನನಗಷ್ಟೇ ಅಲ್ಲ, ಬರೆದವನಿಗೂ ಇತ್ತು ಎಂಬುದು ಈ ಸಲ ಕಂಡಿತು.

ಪುಸ್ತಕ ಬಂದದ್ದು 1876ರಲ್ಲಿ. ಮಾರ್ಕ್ ಟ್ವೇನ್ ಆಗ ಹುಟ್ಟೂರ ಕಡೆಯಿಂದ ಬಹುದೂರ, ಹಾರ್ಟ್‌ಫರ್ಡ್‌ನಲ್ಲಿ ನೆಲೆಸಿದ್ದ. ವಯಸ್ಸು 40ರ ಆಸುಪಾಸು. ಕಥೆ ಮೂವತ್ತು ನಲವತ್ತು ವರ್ಷ ಹಿಂದಿನದೆಂದು ಮುನ್ನುಡಿಯಲ್ಲೇ ಹೇಳಿದ. ದೊಡ್ಡವರಿಗೂ ತಮ್ಮ ಬಾಲ್ಯ ನೆನಪಾಗಲಿ ಎಂದು ಆಶಿಸಿದ. ಈ ನಡುವೆ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದಿತ್ತು. ನದಿಯ ಹಬೆದೋಣಿಗಳ ವೈಭವವನ್ನು ರೈಲು ಕಸಿದಿತ್ತು. ಟ್ವೇನನ ಬಾಲ್ಯವಂತೂ ಬೇಗ ಮುಗಿದಿತ್ತು. 1847ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ 11 ವರ್ಷ. ಸ್ವಲ್ಪ ಸಮಯದಲ್ಲೇ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ನಿಂತ.

ಅವನು ಬೆಳೆದ ಹ್ಯಾನಿಬಲ್ ಊರು ಮಿಸ್ಸೋರಿ ರಾಜ್ಯದ್ದು. ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಟ್ವೇನನ ಮನೆಯಲ್ಲೂ ಗುಲಾಮರಿದ್ದರು. ಅದೇ 1847ರಲ್ಲಿ, ತಪ್ಪಿಸಿಕೊಂಡು ಬಂದ ಗುಲಾಮನೊಬ್ಬ ಮಿಸ್ಸಿಸಿಪ್ಪಿಯ ಇಲಿನಾಯ್ ದಡದ ದ್ವೀಪದಲ್ಲಿ ಅಡಗಿದ್ದ. ಹಿಡಿದುಕೊಟ್ಟವರಿಗೆ 50 ಡಾಲರ್ ಬಹುಮಾನ. ಹಕಲ್‌ಬೆರಿ ಫಿನ್‌ಗೆ ಮಾದರಿಯಾದ ಟಾಮ್ ಬ್ಲಾಂಕೆನ್‌ಶಿಪ್‌ನ ಅಣ್ಣ ಬೆನ್ಸ್ ಕಡುಬಡವ. ಆದರೂ ಆ ಹಣಕ್ಕೆ ಕೈಚಾಚದೆ, ಗುಟ್ಟಾಗಿ ಅವನಿಗೆ ಊಟ ಒಯ್ಯುತ್ತಿದ್ದ. ಕೊನೆಗೆ ಮರ ಕಡಿಯುವವರು ಬೆನ್ನಟ್ಟಿದಾಗ ಆತ ನೀರುಪಾಲಾದ. ಶವ ಕಣ್ಣಿಗೆ ಬಿದ್ದದ್ದು ಅಲ್ಲಿಗೆ ಹೋಗಿದ್ದ ಹುಡುಗರಿಗೆ. ಅವರಲ್ಲಿ ಟ್ವೇನನೂ ಒಬ್ಬ.

ಟಾಮ್ ಸಾಯರ್‌ನಲ್ಲಿಯೂ ದ್ವೀಪವಿದೆ. ಅಲ್ಲಿ ಹುಡುಗರು ಕಡಲ್ಗಳ್ಳರ ಆಟವಾಡುತ್ತಾರೆ, ಮೀನು ಸುಟ್ಟು ತಿನ್ನುತ್ತಾರೆ. ಆ ಶವ ಮಾತ್ರ ಇಲ್ಲ. ಬೇಲಿಯ ಪ್ರಸಂಗವನ್ನೇ ನೋಡಿ. ಸುಣ್ಣ ಬಳಿಯಲು ಟಾಮ್ ಮೊದಲು ಪುಸಲಾಯಿಸುವುದು ಬಕೆಟ್ ಹಿಡಿದು ನೀರಿಗೆ ಹೊರಟ ಜಿಮ್ ಎಂಬ ಕಪ್ಪು ಹುಡುಗನನ್ನು. ಶನಿವಾರದ ರಜೆ ಹಾಳಾಯಿತೆಂದು ಟಾಮ್‌ಗೆ ದುಃಖ. ಜಿಮ್‌ಗೆ ರಜೆಯೇ ಇಲ್ಲ. ಮೊದಲ ಓದಿನಲ್ಲಿ ನಾನು ಟಾಮ್‌ನ ಜೊತೆ ನಕ್ಕು ಮುಂದೆ ಹೋಗಿದ್ದೆ. ಪುಸ್ತಕವೂ ಹಾಗೆಯೇ ಮುಂದೆ ಹೋಗುತ್ತದೆ.

ಟ್ವೇನ್ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ದೊಡ್ಡ ಸಮಾಧಾನ. 1884ರ ಕೊನೆಗೆ ಇಂಗ್ಲೆಂಡಿನಲ್ಲಿ, 1885ರಲ್ಲಿ ಅಮೆರಿಕದಲ್ಲಿ ಬಂದ ಹಕಲ್‌ಬೆರಿ ಫಿನ್‌ನಲ್ಲಿ ಅದೇ ದ್ವೀಪ ಮರಳುತ್ತದೆ. ಈಗ ಅಲ್ಲಿ ಅಡಗಿರುವವನು ಮಾರಾಟಕ್ಕೆ ಹೆದರಿ ಓಡಿಬಂದ, ಹೆಂಡತಿ ಮಕ್ಕಳಿರುವ ಇನ್ನೊಬ್ಬ ಜಿಮ್. ಮನೆ ಬಿಟ್ಟು ಓಡುವುದು ಟಾಮ್‌ಗೆ ಆಟವಾಗಿತ್ತು, ಇವನಿಗೆ ಜೀವದ ಪ್ರಶ್ನೆ.

ಹಾಗೆಂದು ಟಾಮ್‌ನನ್ನು ದೂರ ಇಡಬೇಕಿಲ್ಲ. ಆ ರಜೆಯ ಸುಖ ಸುಳ್ಳಲ್ಲ. ಅದು ಊರಿನ ಎಲ್ಲ ಮಕ್ಕಳಿಗೂ ಸಿಕ್ಕಿರಲಿಲ್ಲ, ಅಷ್ಟೇ. ಮನೆಯ ಮಕ್ಕಳ ಕೈಗೆ ಟಾಮ್ ಸಾಯರ್ ಕೊಡುವವರು ಕೆಲವು ವರ್ಷಗಳ ನಂತರ ಹಕಲ್‌ಬೆರಿ ಫಿನ್ ಕೂಡ ಕೊಡಲಿ. ಎರಡನ್ನೂ ಓದಿದಾಗಲೇ ಆ ಊರು ಪೂರ್ತಿ ಕಾಣುವುದು.