ಉದ್ರಿ, ಪತ್ತು ಮತ್ತು ಪರದೇಶಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ಇರುತ್ತದೆ. ಆ ಫಲಕದ ಕೆಳಗೇ ಕುಳಿತ ಅಂಗಡಿಯವರು ಓಣಿಯ ಅರ್ಧ ಜನರ ಉದ್ರಿಯನ್ನು ಉದ್ದನೆಯ ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾರೆ. ಹಾಗೆಂದು ಫಲಕ ಸುಳ್ಳಲ್ಲ, ಅದು ಗುರುತಿಲ್ಲದವರಿಗೆ ಬರೆದದ್ದು. ಇಂಥವರ ಮಗ, ಇಂಥ ಮನೆಯವಳು, ಹಬ್ಬದ ಹೊತ್ತಿಗೆ ಲೆಕ್ಕ ಚುಕ್ತಾ ಮಾಡುವವರು ಎಂದು ಗೊತ್ತಿದ್ದವರಿಗೆ ಆ ಫಲಕ ಅನ್ವಯಿಸುವುದಿಲ್ಲ.

ಈ ಗುರುತಿನ ಬಲಕ್ಕೆ ನಮ್ಮಲ್ಲಿ ‘ಪತ್ತು’ ಎಂಬ ಮಾತಿದೆ. ಪತ್ತಿನ ಸಹಕಾರ ಸಂಘಗಳ ಬೋರ್ಡುಗಳಲ್ಲಿ ನಾವು ದಿನವೂ ಓದುವ ಪದ ಅದು. ಇಂಗ್ಲಿಷಿನ ಕ್ರೆಡಿಟ್ ಎಂಬ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದರ ಅರ್ಥ ನಂಬುವುದು. ಎರಡೂ ಪದಗಳ ಹಿಂದಿರುವುದು ಒಂದೇ ಪ್ರಶ್ನೆ: ಈ ಮನುಷ್ಯನನ್ನು ನಂಬಬಹುದೇ? ಊರು ಬಿಟ್ಟು ಹೋದವನ ಬಗ್ಗೆ ಈ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನೂ ಹೌದು, ಹಿಂದುಮುಂದು ಯಾರೂ ಇಲ್ಲದವನೂ ಹೌದು. ಸಾಲದ ಚರಿತ್ರೆಯಲ್ಲಿ ಈ ಎರಡು ಅರ್ಥಗಳು ಹೇಗೆ ಒಂದಾಗುತ್ತವೆ ಎಂಬುದನ್ನು ಅಮೆರಿಕದ ಉದಾಹರಣೆಯಿಂದ ನೋಡಬಹುದು.

1830ರ ದಶಕದಲ್ಲಿ ಅಮೆರಿಕದ ವ್ಯಾಪಾರವೆಲ್ಲ ಉದ್ರಿಯ ಮೇಲೆಯೇ ನಡೆಯುತ್ತಿತ್ತು. ಒಳನಾಡಿನ ಅಂಗಡಿಯವರು ನ್ಯೂಯಾರ್ಕಿಗೆ ಬಂದು ಸರಕು ಒಯ್ಯುತ್ತಿದ್ದರು, ಮಾರಾಟವಾದ ಮೇಲೆ ದುಡ್ಡು ಕಳಿಸುತ್ತಿದ್ದರು. ಪರಿಚಿತರ ಶಿಫಾರಸು ಪತ್ರವೇ ಅವರ ಆಧಾರ. ದೇಶ ಪಶ್ಚಿಮಕ್ಕೆ ಬೆಳೆದಂತೆ ಗುರುತಿನವರು ಕಡಿಮೆಯಾದರು. 1837ರ ಆರ್ಥಿಕ ಕುಸಿತದಲ್ಲಿ ರೇಷ್ಮೆಯ ಸಗಟು ವ್ಯಾಪಾರಿಗಳಾಗಿದ್ದ ಟ್ಯಾಪನ್ ಸಹೋದರರ ಸಂಸ್ಥೆಯೂ ಪಾವತಿ ನಿಲ್ಲಿಸಬೇಕಾಯಿತು. ಆ ಸಹೋದರರಲ್ಲಿ ಒಬ್ಬನಾದ ಲೂಯಿಸ್ ಟ್ಯಾಪನ್ 1841ರಲ್ಲಿ ಮರ್ಕೆಂಟೈಲ್ ಏಜೆನ್ಸಿ ಎಂಬ ಸಂಸ್ಥೆ ತೆರೆದ. ಊರೂರಿನ ವಕೀಲರಿಂದ, ಗೊತ್ತಿದ್ದವರಿಂದ ಅಲ್ಲಿಯ ವ್ಯಾಪಾರಿಗಳ ಸಮಾಚಾರ ತರಿಸಿ, ಲೆಡ್ಜರಿನಲ್ಲಿ ಬರೆದಿಟ್ಟು, ಚಂದಾ ಕೊಟ್ಟವರಿಗೆ ಓದಿ ಹೇಳುವುದು ಅದರ ಕೆಲಸ. ಓಣಿಯ ಅಂಗಡಿಯವರ ತಲೆಯಲ್ಲಿದ್ದ ಗುರುತು ಹೀಗೆ ಕಾಗದಕ್ಕೆ ಇಳಿದು ಮಾರಾಟದ ವಸ್ತುವಾಯಿತು.

ಈ ಸಂಸ್ಥೆಯೇ ಮುಂದೆ ಆರ್. ಜಿ. ಡನ್ ಕಂಪನಿಯಾಯಿತು. ಅದರ 2,500ಕ್ಕೂ ಹೆಚ್ಚು ಲೆಡ್ಜರುಗಳು ಈಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಬೇಕರ್ ಗ್ರಂಥಾಲಯದಲ್ಲಿವೆ. ವಲಸೆಗಾರ ವ್ಯಾಪಾರಿಗಳ ಬಗ್ಗೆ ಸಂಶೋಧನೆ ಮಾಡುವ ನನ್ನಂಥವರಿಗೆ ಅವು ಗಣಿ. ಇಕ್ಕಟ್ಟಾದ ಕೈಬರಹ, ಅರ್ಧಕ್ಕೆ ಕತ್ತರಿಸಿದ ಪದಗಳು. ಆಸ್ತಿ ಎಷ್ಟು ಎಂಬುದರ ಜೊತೆಗೆ ಕುಡಿಯುತ್ತಾನೆಯೇ, ಮದುವೆಯಾಗಿದೆಯೇ, ದುಡಿಯುವವನೇ ಎಂಬ ಮಾಹಿತಿಯೂ ಇರುತ್ತದೆ. ಜರ್ಮನಿ ಮುಂತಾದ ಕಡೆಗಳಿಂದ ಬಂದ ಯಹೂದಿ ವ್ಯಾಪಾರಿಗಳ ಹೆಸರಿನ ಪಕ್ಕದಲ್ಲಿ ಅವರ ಧರ್ಮವನ್ನೂ ಬರೆಯುತ್ತಿದ್ದರು, ಮತ್ತು ಆ ಒಂದು ಮಾತೇ ಎಷ್ಟೋ ಸಲ ಸಂಶಯದ ಸೂಚನೆಯಾಗಿರುತ್ತಿತ್ತು. ಟ್ಯಾಪನ್ ಗುಲಾಮಗಿರಿಯ ವಿರುದ್ಧ ಗಟ್ಟಿಯಾಗಿ ಹೋರಾಡಿದವನು, ಆಮಿಸ್ಟಾಡ್ ಹಡಗಿನ ಬಂದಿಗಳ ಬಿಡುಗಡೆಗೆ ದುಡಿದವನು. ಅಂಥವನು ಕಟ್ಟಿದ ವ್ಯವಸ್ಥೆಯಲ್ಲಿಯೂ ಬರೆಯುವವನ ಪೂರ್ವಗ್ರಹ ಮಾಹಿತಿಯ ವೇಷದಲ್ಲಿ ಒಳಗೆ ಬಂತು.

ಲೆಡ್ಜರಿನ ಹೊರಗೆ ಉಳಿದವರು ಕೈಕಟ್ಟಿ ಕೂರಲಿಲ್ಲ. 1892ರಲ್ಲಿ ನ್ಯೂಯಾರ್ಕಿನಲ್ಲಿ ಹೀಬ್ರೂ ಫ್ರೀ ಲೋನ್ ಸೊಸೈಟಿ ಹುಟ್ಟಿ ಹೊಸದಾಗಿ ಬಂದವರಿಗೆ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡತೊಡಗಿತು. ಚೀನಾದಿಂದ ಬಂದವರಲ್ಲಿ ಹುಯಿ, ಜಪಾನಿನವರಲ್ಲಿ ತಾನೊಮೊಶಿ, ಆಮೇಲೆ ಕೊರಿಯಾದವರಲ್ಲಿ ಕೆ ಎಂಬ ಪದ್ಧತಿಗಳು ನಡೆದವು. ಹೆಸರು ಬೇರೆಯಾದರೂ ವಿಧಾನ ನಮಗೆ ಗೊತ್ತಿರುವುದೇ: ಇಷ್ಟು ಜನ ಕೂಡಿ ತಿಂಗಳಿಗಿಷ್ಟು ಹಾಕುವುದು, ಒಟ್ಟಾದ ಹಣವನ್ನು ಸರದಿಯಂತೆ ಒಬ್ಬೊಬ್ಬರು ಎತ್ತುವುದು. ನಾವು ಚೀಟಿ ಎನ್ನುತ್ತೇವೆ, ನಮ್ಮ ಕಡೆ ಭಿಶಿ ಎನ್ನುವುದೂ ಉಂಟು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಹೋದ ಜಮೈಕಾದವರು ಅಲ್ಲಿ ಮನೆಸಾಲ ಸಿಗದಿದ್ದಾಗ ಇದೇ ರೀತಿಯ ‘ಪಾರ್ಡ್ನರ್’ ಹಾಕಿ ಮನೆಗಳಿಗೆ ಮುಂಗಡ ಹೊಂದಿಸಿದರು. ಲಂಡನ್ನಿನಲ್ಲಿ ಕರಿಯರ ಸ್ವಂತ ಮನೆಗಳ ಮೊದಲ ತಲೆಮಾರಿಗೆ ಈ ಚೀಟಿಯ ಋಣ ದೊಡ್ಡದು.

ಇದೇ ಗುರುತಿನ ಬಲದ ಮೇಲೆ ಒಂದು ಬ್ಯಾಂಕೂ ಎದ್ದಿತು. ಎ. ಪಿ. ಜಿಯಾನಿನಿ ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ದಂಪತಿಯ ಮಗ. ತರಕಾರಿ, ಹಣ್ಣಿನ ದಲಾಲಿಯಲ್ಲಿ ಬೆಳೆದದ್ದರಿಂದ ರೈತರ, ಸಣ್ಣ ವ್ಯಾಪಾರಿಗಳ ಮುಖ ಗೊತ್ತಿತ್ತು. ದೊಡ್ಡ ಬ್ಯಾಂಕುಗಳು ಒಳಗೆ ಬಿಟ್ಟುಕೊಳ್ಳದ ಇಟಾಲಿಯನ್ ವಲಸೆಗಾರರಿಗಾಗಿ 1904ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ಯಾಂಕ್ ಆಫ್ ಇಟಲಿ ತೆರೆದ. 1906ರ ಏಪ್ರಿಲಿನಲ್ಲಿ ಭೂಕಂಪವಾಗಿ ಊರಿಗೆ ಬೆಂಕಿ ಬಿದ್ದಾಗ ಬ್ಯಾಂಕಿನ ಹಣವನ್ನು ತರಕಾರಿ ಗಾಡಿಯಲ್ಲಿ ಅಡಗಿಸಿ ಸಾಗಿಸಿದ. ಕೆಲವೇ ದಿನಗಳಲ್ಲಿ ಬಂದರಿನ ಬಳಿ ಹಲಗೆ ಹಾಕಿಕೊಂಡು ಕುಳಿತು, ಮನೆ-ಅಂಗಡಿ ಮತ್ತೆ ಕಟ್ಟುವವರಿಗೆ ಸಾಲ ಕೊಟ್ಟ. ದಾಖಲೆಗಳು ಸುಟ್ಟಿದ್ದರೂ ಅವನಿಗೆ ಮನುಷ್ಯರ ಗುರುತಿತ್ತು. ಆ ಬ್ಯಾಂಕು 1930ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡಿತು. ಅದೇ ಕಾಲಕ್ಕೆ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಲ್ಲಿಯೂ ಬಂಡವಾಳವೆಂದರೆ ಊರಿನವರಿಗೆ ಊರಿನವರ ಮೇಲಿದ್ದ ಭರವಸೆಯೇ.

ಆದರೆ ಗುರುತಿನ ಸಾಲಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮರೆತು ಹಳೆಯದನ್ನು ಹೊಗಳಬಾರದು. ಗುರುತಿನವರಿಗೆ ಕೊಡುವವನು ತನ್ನವರಲ್ಲದವರಿಗೆ ಕೊಡುವುದಿಲ್ಲ. ಅಮೆರಿಕದಲ್ಲಿ ಕರಿಯರಿಗೂ ಹೆಂಗಸರಿಗೂ ಬ್ಯಾಂಕಿನ ಬಾಗಿಲು ಬಹುಕಾಲ ಮುಚ್ಚಿದ್ದು ಇದೇ ಕಾರಣಕ್ಕೆ. 1899ರಲ್ಲಿ ಅಟ್ಲಾಂಟಾದಲ್ಲಿ ಶುರುವಾದ ರಿಟೇಲ್ ಕ್ರೆಡಿಟ್ ಕಂಪನಿ ಸಾಮಾನ್ಯ ಗ್ರಾಹಕರ ಖಾಸಗಿ ಬದುಕನ್ನೂ ಕಡತಕ್ಕೆ ಸೇರಿಸುತ್ತಿತ್ತು. ಇಂಥವುಗಳ ಮೇಲೆ ಕೂಗೆದ್ದು 1970ರಲ್ಲಿ ನ್ಯಾಯಯುತ ಸಾಲ ವರದಿಯ ಕಾನೂನು ಬಂತು. 1974ರ ಇನ್ನೊಂದು ಕಾನೂನು ಹೆಣ್ಣು, ಗಂಡು, ಮದುವೆ ಎಂದು ನೋಡಿ ಸಾಲ ನಿರಾಕರಿಸುವುದನ್ನು ತಡೆಯಿತು. 1976ರಲ್ಲಿ ಅದಕ್ಕೆ ಜನಾಂಗ, ಬಣ್ಣ, ಧರ್ಮ, ಮೂಲದೇಶಗಳೂ ಸೇರಿದವು. 1975ರಲ್ಲಿ ಆ ಅಟ್ಲಾಂಟಾ ಕಂಪನಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿತು.

ಬಿಲ್ ಫೇರ್ ಎಂಬ ಎಂಜಿನಿಯರ್ ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ 1956ರಲ್ಲಿ ಕಟ್ಟಿದ ಕಂಪನಿ ಇದಕ್ಕೆ ಲೆಕ್ಕದ ಪರಿಹಾರ ಹುಡುಕಿತು. 1989ರಲ್ಲಿ ಅದರ ಫೈಕೋ ಸ್ಕೋರ್ ಬಂತು: 300ರಿಂದ 850ರವರೆಗಿನ ಒಂದು ಅಂಕ. ಕಂತು ಸಮಯಕ್ಕೆ ಕಟ್ಟಿದ್ದಕ್ಕೆ ಅದರಲ್ಲಿ ಶೇ. 35ರಷ್ಟು ತೂಕ, ಎಷ್ಟು ಬಾಕಿಯಿದೆ ಎಂಬುದಕ್ಕೆ ಶೇ. 30, ಖಾತೆ ಎಷ್ಟು ಹಳೆಯದು ಎಂಬುದಕ್ಕೆ ಶೇ. 15, ಹೊಸ ಸಾಲಗಳಿಗೂ ಸಾಲದ ಬಗೆಗಳಿಗೂ ತಲಾ ಶೇ. 10. ಹೆಸರು, ಧರ್ಮ, ಹುಟ್ಟಿದ ದೇಶ ಯಾವುದನ್ನೂ ಅದು ಕೇಳುವುದಿಲ್ಲ. ಡನ್ ಲೆಡ್ಜರಿನ ಸಂಶಯವನ್ನು ಓದಿದವರಿಗೆ ಈ ಮೌನ ಎಷ್ಟು ದೊಡ್ಡ ಗಳಿಕೆ ಎಂದು ಅರ್ಥವಾಗುತ್ತದೆ.

ತೊಡಕು ಇರುವುದು ಇಲ್ಲಿ: ಸ್ಕೋರ್ ಹುಟ್ಟಬೇಕಾದರೆ ಕನಿಷ್ಠ ಆರು ತಿಂಗಳ ಹಳೆಯ ಒಂದು ಸಾಲದ ಖಾತೆ ಆ ದೇಶದ ಕಡತದಲ್ಲಿ ಇರಬೇಕು. ಸಾಲ ಸಿಗಬೇಕಾದರೆ ಸ್ಕೋರ್ ಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆಯನ್ನು ನಾನು ಇಲ್ಲಿಗೆ ಪಿಎಚ್.ಡಿ.ಗೆಂದು ಬಂದ ಮೊದಲ ತಿಂಗಳು ದಿನವೂ ನೆನೆದಿದ್ದೇನೆ. ಬಾಡಿಗೆ ಮನೆಗೆ, ಫೋನಿನ ಕಂತಿಗೆ, ಎಲ್ಲದಕ್ಕೂ ಸ್ಕೋರ್ ಕೇಳಿದರು. ಊರಿನಲ್ಲಿ ಗಾಡಿಯ ಸಾಲವನ್ನು ಒಂದು ಕಂತೂ ತಪ್ಪದೆ ತೀರಿಸಿದ್ದೆ. ಆದರೆ ಭಾರತದ ಸಾಲದ ಚರಿತ್ರೆ ಇಲ್ಲಿನ ಕಡತಕ್ಕೆ ತಾನಾಗಿ ಬಂದು ಸೇರುವುದಿಲ್ಲ. ಬ್ಯಾಂಕೊಂದರ ಉದ್ಯೋಗಿ ಪರದೆ ನೋಡಿ, ನಿಮ್ಮ ಬಗ್ಗೆ ಕೆಟ್ಟದ್ದೇನೂ ಇಲ್ಲ, ಒಳ್ಳೆಯದೂ ಇಲ್ಲ, ಏನೂ ಇಲ್ಲ ಎಂದರು. ಡನ್ ಕಂಪನಿಯ ಲೆಡ್ಜರಿನಲ್ಲಿ ವಲಸೆಗಾರನ ಹೆಸರಿಗೆ ಕೆಟ್ಟ ಮಾತಾದರೂ ಇರುತ್ತಿತ್ತು, ನನ್ನ ಪಾಲಿಗೆ ಹಾಳೆಯೇ ಖಾಲಿ.

ಈ ಖಾಲಿ ಹಾಳೆಯನ್ನು ತುಂಬಲು ಈಗ ರೂಢಿಯಲ್ಲಿರುವ ದಾರಿ ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡ್. ನಮ್ಮದೇ 200 ಅಥವಾ 500 ಡಾಲರನ್ನು ಬ್ಯಾಂಕಿನಲ್ಲಿಟ್ಟು ಅಷ್ಟೇ ಮಿತಿಯ ಕಾರ್ಡ್ ಪಡೆಯಬೇಕು, ಅದರಲ್ಲಿ ಸ್ವಲ್ಪ ಖರ್ಚು ಮಾಡಿ ತಿಂಗಳು ತಿಂಗಳು ಪೂರ್ತಿ ಕಟ್ಟಬೇಕು. ಇದನ್ನು ಫೋನಿನಲ್ಲಿ ಅವ್ವನಿಗೆ ವಿವರಿಸಿದೆ. ‘ನಿನ್ನ ರೊಕ್ಕಾನ ನೀನ ಸಾಲ ತಗೊಂಡು ನೀನ ತೀರಸೂದಂದ್ರ ಅದೆಂಥ ಸಾಲವ್ವ?’ ಎಂದಳು. ಅವ್ವ 22 ವರ್ಷದಿಂದ ಓಣಿಯ ಹೆಂಗಸರ ಭಿಶಿ ನಡೆಸುತ್ತಿದ್ದಾಳೆ. ಒಬ್ಬರ ಹಣವೂ ಮುಳುಗಿಲ್ಲ. ನನ್ನ ವಿಮಾನದ ಟಿಕೆಟ್ಟು ಬಂದದ್ದು ಅದೇ ಭಿಶಿಯ ದುಡ್ಡಿನಿಂದ. ಇಷ್ಟು ವರ್ಷ ಇಷ್ಟು ಜನ ನಂಬಿದ ಹೆಣ್ಣುಮಗಳ ಪತ್ತಿಗೆ ಯಾವ ದೇಶದ ಕಡತದಲ್ಲೂ ಒಂದು ಸಾಲು ಇಲ್ಲ.

ಇದು ಅವ್ವನೊಬ್ಬಳ ಮಾತಲ್ಲ. ವಲಸೆಗಾರರು ತಲೆಮಾರುಗಳಿಂದ ಒಬ್ಬರಿಗೊಬ್ಬರು ಕೊಟ್ಟು ತೀರಿಸಿದ ಸಾಲವೆಲ್ಲ ಹೀಗೆ ದಾಖಲೆಯ ಹೊರಗೇ ಉಳಿದಿದೆ. ಅದನ್ನು ಒಳಗೆ ತರುವ ಒಂದು ಪ್ರಯತ್ನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೇ ನಡೆದಿದೆ. ಹೊಸೆ ಕಿನ್ಯೋನೆಸ್ ಮುನ್ನಡೆಸಿದ ಮಿಷನ್ ಅಸೆಟ್ ಫಂಡ್ ಎಂಬ ಸಂಸ್ಥೆ ಮೆಕ್ಸಿಕೋ ಮುಂತಾದ ಕಡೆಗಳಿಂದ ಬಂದವರ ಚೀಟಿಗಳನ್ನು ಬಡ್ಡಿಯಿಲ್ಲದ ಸಾಲವೆಂದು ಬರೆದು, ಪ್ರತಿ ಕಂತನ್ನೂ ಕ್ರೆಡಿಟ್ ಬ್ಯೂರೋಗಳಿಗೆ ವರದಿ ಮಾಡುತ್ತದೆ. ಚೀಟಿ ಅದೇ, ಕೂಡುವ ಜನರೂ ಅವರೇ. ಹೊಸದೆಂದರೆ ಬರೆಯುವ ಕೈ ಮಾತ್ರ. 2014ರಲ್ಲಿ ಕ್ಯಾಲಿಫೋರ್ನಿಯಾ ಇಂಥ ಬಡ್ಡಿಯಿಲ್ಲದ ಸಣ್ಣ ಸಾಲಗಳಿಗೆ ಕಾನೂನಿನಲ್ಲಿ ಜಾಗ ಮಾಡಿಕೊಟ್ಟಿತು.

ಪ್ರತಿ ವರ್ಷ ಆಗಸ್ಟಿನಲ್ಲಿ ಊರಿನಿಂದ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಠೇವಣಿ ಕಾರ್ಡು, ಮಿತಿಯ ಶೇ. 30 ದಾಟದ ಖರ್ಚು, ತಪ್ಪದ ಕಂತು, ಇಷ್ಟನ್ನು ನಾನು ಅವರಿಗೆ ಹೇಳಿಕೊಡುತ್ತೇನೆ, ಅದು ಬೇಕಾದದ್ದೇ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ: ಪರದೆಯ ಮೇಲೆ ‘ಏನೂ ಇಲ್ಲ’ ಎಂದು ಬಂದರೆ ಅದು ಈ ದೇಶದ ಕಡತದ ಬಗ್ಗೆ ಹೇಳಿದ ಮಾತು, ನಿಮ್ಮ ಬಗ್ಗೆ ಅಲ್ಲ. ಆಮೇಲೆ ಯಾರಿಗೆ ಮನೆಯ ಮುಂಗಡ ಕಡಿಮೆ ಬಿದ್ದಿದೆಯೋ ಕೇಳಿಕೊಂಡು, ನಮ್ಮ ನಮ್ಮಲ್ಲೇ ಕೈಗಡ ಹೊಂದಿಸುತ್ತೇವೆ. ಅದನ್ನು ಯಾರೂ ಎಲ್ಲಿಯೂ ಬರೆದಿಡುವುದಿಲ್ಲ.